ಎದೆಗೆ ಪೆಟ್ಟಿಗೆ, ತಲೆಗೆ ಟೋಪಿ

ಕುಣಿಯಲಾರದವನು ಎದೆ ಡೊಂಕು ಅಂದನಂತೆ. ಗಾದೆ ಹಾಗಲ್ಲ, ಡೊಂಕಾಗಿದ್ದು ನೆಲ ಎಂದು ನೀವು ತಿದ್ದುವ ಮೊದಲೇ ಹೇಳಿಬಿಡುತ್ತೇನೆ: ನಮ್ಮ ಭಾವ ಆಡುವುದು ಗಾಲ್ಫ್. ಆ ಆಟದಲ್ಲಿ ನೆಲವನ್ನು ಬೇಕೆಂದೇ, ಎಂಜಿನಿಯರನ್ನು ಕರೆಸಿ, ಡೊಂಕು ಮಾಡಿಸಿರುತ್ತಾರೆ. ನೆಲದ ಮೇಲೆ ತಪ್ಪು ಹೊರಿಸುವ ಸೌಕರ್ಯ ಅಲ್ಲಿಲ್ಲ. ಉಳಿಯುವುದು ಸೊಂಟ, ಮೊಣಕಾಲು, ಹೆಂಡತಿ, ಮತ್ತು ಈಚೆಗೆ ಭಾವನ ವಿಷಯದಲ್ಲಿ, ಎದೆ. ಗಾದೆ ಸುಳ್ಳಾದರೂ ಕಥೆ ಸುಳ್ಳಾಗದು. ಇದು ನಡೆದದ್ದು ನಡೆದ ಹಾಗೆ. ಕುಂಟಿದ ಕಡೆ ಮಾತ್ರ ನಾನು ಕೈಹಿಡಿದು ನಡೆಸಿದ್ದೇನೆ.

ಭಾವ ಅಂದರೆ ನನ್ನ ಅಕ್ಕನ ಗಂಡ. ಕಾಲೇಜಿನಲ್ಲಿ ಗಣಿತದ ಮೇಷ್ಟ್ರಾಗಿದ್ದು, ಕೊನೆಗೆ ಪರೀಕ್ಷಾ ವಿಭಾಗದ ಮುಖ್ಯಸ್ಥರಾಗಿ ನಿವೃತ್ತರಾದವರು. ಸೇವೆಯುದ್ದಕ್ಕೂ ಒಬ್ಬನೇ ಒಬ್ಬನಿಗೂ ಗ್ರೇಸ್ ಮಾರ್ಕ್ಸ್ ಕೊಟ್ಟವರಲ್ಲ. ಒಂದು ಅಂಕ ಕಡಿಮೆ ಬಿದ್ದು ಕಣ್ಣೀರು ಸುರಿಸುತ್ತ ನಿಂತವನಿಗೆ ಕರ್ಚೀಫು ಕೊಡುತ್ತಿದ್ದರು, ಅಂಕ ಕೊಡುತ್ತಿರಲಿಲ್ಲ. ಅಕ್ಕನನ್ನು ಮದುವೆಯಾದ ವರ್ಷವೇ ನನ್ನನ್ನೂ ಅದೇ ಒಂದು ಅಂಕಕ್ಕೆ ಕೆಡವಿದರು. "ಹೆಂಡತಿ ತಮ್ಮ ಅಂತ ಒಂಚೂರು ನೋಡಬಾರದಿತ್ತಾ?" ಎಂದು ನಮ್ಮಮ್ಮ ಕೇಳಿದ್ದಕ್ಕೆ, "ನೋಡಿದೆ. ಅದಕ್ಕೇ ಇನ್ನೊಂದು ಸಲ ಕೂಡಿದೆ. ಆಗಲೂ ಅಷ್ಟೇ ಬಂತು," ಅಂದರಂತೆ.

ನಿವೃತ್ತಿಯಾದ ಮೇಲೆ, ತಿದ್ದಲು ಉತ್ತರಪತ್ರಿಕೆ ಸಿಗದೆ ಕೈ ತುರಿಸಿದಾಗ, ಗಾಲ್ಫ್ ಕೋಲು ಹಿಡಿದರು. ಭಾನುವಾರ ಬೆಳಗ್ಗೆ ನಾವು ನಾಲ್ವರು: ಭಾವ, ಹಲ್ಲು ಡಾಕ್ಟರ್, ಲಾಯರ್, ಮತ್ತು ಕಾರು ಓಡಿಸುತ್ತೇನೆ ಅನ್ನುವ ಒಂದೇ ಅರ್ಹತೆಯ ಮೇಲೆ ಸೇರಿಸಿಕೊಂಡ ನಾನು. ಹಲ್ಲು ಡಾಕ್ಟರಿಗೆ ಇಡೀ ಲೋಕವೇ ಬಾಯಿ ತೆರೆದು ತನ್ನ ಕುರ್ಚಿಯಲ್ಲಿ ಕೂತಿದೆ ಎಂಬ ಭಾವನೆ. ಯಾರಿಗೆ ಏನು ಹೇಳಿದರೂ "ಏನೂ ಆಗಲ್ಲ, ಏನೂ ಆಗಲ್ಲ, ಇಷ್ಟೇ, ಮುಗೀತು" ಎಂಬ ಧಾಟಿ. ಲಾಯರ್, ಚೆಂಡು ಹೊಡೆಯುವ ಮೊದಲು ಸೂರ್ಯನಿಂದ ಹುಲ್ಲಿನವರೆಗೆ ಸಕಲರ ಮೇಲೂ ಒಂದೊಂದು ತಕರಾರು ಸಲ್ಲಿಸಿಯೇ ಹೊಡೆಯುವವರು. ನನಗೆ ಆಟ ಬರುವುದಿಲ್ಲ. ಆದರೆ ಈ ಮೂವರ ಧ್ವನಿಯೂ ಚೆನ್ನಾಗಿ ಬರುತ್ತದೆ. ಫೋನಿನಲ್ಲಿ ಲಾಯರಾಗಿ ಹಲ್ಲು ಡಾಕ್ಟರಿಗೂ, ಹಲ್ಲು ಡಾಕ್ಟರಾಗಿ ಲಾಯರಿಗೂ ಮಾತಾಡಿ ಇಬ್ಬರಿಂದಲೂ ಉಗಿಸಿಕೊಂಡಿದ್ದೇನೆ. ಭಾವನ ಧ್ವನಿ ಮಾತ್ರ ಮನೆಯೊಳಗಿನ ಸರಕು. ಅಕ್ಕನನ್ನು ನಗಿಸಲು ಅಡುಗೆಮನೆಯಲ್ಲಿ ತೆಗೆದದ್ದುಂಟು, ಹೊರಗೆ ಎಂದೂ ತಂದಿರಲಿಲ್ಲ.

ಗಾಲ್ಫ್ ಗೊತ್ತಿಲ್ಲದವರಿಗೆ ಇಲ್ಲೊಂದು ಮಾತು. ಅಷ್ಟು ದೂರದಿಂದ ಹೊಡೆದು ಹೊಡೆದು ತಂದ ಚೆಂಡು ಗುಂಡಿಯ ಹತ್ತಿರ ಬಂದು, ಇನ್ನೇನು ಒಂದು ಗೇಣು ಉಳಿದಿದೆ ಅನ್ನುವಾಗ, ಜೊತೆಯವರು ದೊಡ್ಡ ಮನಸ್ಸು ಮಾಡಿ "ಕೊಟ್ಟೆ" ಅನ್ನುವುದುಂಟು. ಅಂದರೆ ಅದನ್ನು ಹೊಡೆಯಬೇಕಾಗಿಲ್ಲ, ಬಿತ್ತು ಅಂತಲೇ ಲೆಕ್ಕ, ಎತ್ತಿ ಜೇಬಿಗೆ ಹಾಕಿಕೊಳ್ಳಬಹುದು. ನಮ್ಮ ಗುಂಪಿನಲ್ಲಿ ಇದಕ್ಕೆ ಭಾವನೇ ಕಾನೂನು ಕಟ್ಟಿದ್ದರು. ಉಳಿದ ಮೂವರೂ "ಕೊಟ್ಟೆ" ಅನ್ನಬೇಕು. ಒಬ್ಬ ಬಾಯಿ ಬಿಡದಿದ್ದರೂ ಇಲ್ಲ. ಮೂವರೂ ಕೊಟ್ಟ ಮೇಲೆ ಆಡುವವನು ಬೇಡ ಅನ್ನುವ ಹಾಗಿಲ್ಲ. "ಚರ್ಚೆಗೆ ಜಾಗ ಇರಬಾರದು," ಅಂದಿದ್ದರು. ಎರಡನೆಯ ಮಾತನ್ನು ನಾವು ಯಾರೂ ಲಕ್ಷ್ಯಕ್ಕೇ ತೆಗೆದುಕೊಂಡಿರಲಿಲ್ಲ. ಕೊಟ್ಟದ್ದನ್ನು ಬೇಡ ಅನ್ನುವ ಪ್ರಾಣಿ ಎಲ್ಲಿದೆ?

ಮೊದಲನೆಯ ಮಾತಿನ ಬಿಸಿ ಮಾತ್ರ ಪ್ರತಿ ವಾರವೂ ತಟ್ಟುತ್ತಿತ್ತು. ಯಾಕೆಂದರೆ ಭಾವ ಎಂದೂ, ಯಾರಿಗೂ, ಕೊಟ್ಟವರಲ್ಲ. ಚೆಂಡು ಗುಂಡಿಯ ತುಟಿಯ ಮೇಲೆ ಕೂತು ಒಳಗೆ ಇಣುಕುತ್ತಿದ್ದರೂ ಸರಿ, ಕೈಕಟ್ಟಿ ನಿಂತು, ಮೂಗಿನ ತುದಿಯಿಂದ, ಒಂದೊಂದು ಅಕ್ಷರವನ್ನೂ ಬೇರೆ ಬೇರೆ ಬೆಂಚಿನಲ್ಲಿ ಕೂರಿಸಿದ ಹಾಗೆ ಹೇಳುವರು: "ಹಾ-ಕಿ ತೋ-ರಿ-ಸಿ." ಆ ಧ್ವನಿ ಕೇಳಿದರೆ ಪರೀಕ್ಷೆಯ ಕೋಣೆ ನೆನಪಾಗಿ, ಒಂದು ಗೇಣಿನ ಚೆಂಡೂ ತಪ್ಪುತ್ತಿತ್ತು.

ಸೋತವನಿಗೆ ಶಿಕ್ಷೆ ಒಂದು ಟೋಪಿ. ಲಾಯರ್ ಅತ್ತೆ ಹೆಣೆದದ್ದು. ಕೆಮ್ಮಿನ ಔಷಧಿಯ ಬಣ್ಣ, ನೆತ್ತಿಯ ಮೇಲೊಂದು ಉಣ್ಣೆಯ ಕುಚ್ಚು. ಆಟ ಮುಗಿದ ಮೇಲೆ ಕ್ಲಬ್ಬಿನ ಜಗಲಿಯಲ್ಲಿ, ಎಲ್ಲರ ಕಣ್ಣೆದುರು, ಕಾಫಿ ಕುಡಿದು ಮುಗಿಯುವವರೆಗೆ ಅದನ್ನು ಹಾಕಿಕೊಂಡಿರಬೇಕು. ಟೋಪಿ ಹಾಕುವುದು ಅಂದರೆ ಲೋಕದಲ್ಲೆಲ್ಲ ಮೋಸ. ನಮ್ಮಲ್ಲಿ ಅದೊಂದೇ ನ್ಯಾಯ. ಭಾವನೂ ಎಷ್ಟೋ ಸಲ ಹಾಕಿಕೊಂಡಿದ್ದರು. ಘಟಿಕೋತ್ಸವಕ್ಕೆ ಬಂದವರ ಹಾಗೆ, ಕುಚ್ಚನ್ನು ನೇರ ಮಾಡಿಕೊಂಡು, ಗಂಭೀರವಾಗಿ.

ಹೀಗಿರುವಾಗ ಒಂದು ದಿನ ಭಾವ ತರಕಾರಿ ಅಂಗಡಿಯ ಸಾಲಿನಲ್ಲಿ, ಎಲೆಕೋಸನ್ನು ಎದೆಗೆ ಅವಚಿಕೊಂಡು, ಕಣ್ಣು ಕತ್ತಲಿಟ್ಟು ಕುಸಿದರು. ಪರೀಕ್ಷಿಸಿದ ಎದೆ ಡಾಕ್ಟರ್, ಹೃದಯ ಆಗಾಗ ಬಡಿಯುವುದನ್ನೇ ಮರೆಯುತ್ತಿದೆ ಅಂದರು. ಎಡಗಡೆ ಕತ್ತಿನ ಮೂಳೆಯ ಕೆಳಗೆ, ಚರ್ಮದಡಿ, ಬೆಂಕಿಪೊಟ್ಟಣದಂಥ ಪೇಸ್‌ಮೇಕರ್ ಕೂರಿಸಿದರು. ಹೃದಯ ತೂಕಡಿಸಿದರೆ ಅದು ತಟ್ಟಿ ಎಬ್ಬಿಸುತ್ತದೆ. "ನಲವತ್ತು ವರ್ಷ ನಾನು ಹಿಂದಿನ ಬೆಂಚಿನವರನ್ನ ಎಬ್ಬಿಸಿದೆ," ಅಂದರು ಭಾವ, ಹಾಸಿಗೆಯಲ್ಲೇ. "ಈಗ ನನಗೇ ಒಬ್ಬ ಮೇಷ್ಟ್ರು."

ಒಳಗಿನ ತಂತಿ ಕೂರುವವರೆಗೆ ಎಡಗೈ ಭುಜಕ್ಕಿಂತ ಮೇಲೆ ಎತ್ತಬೇಡಿ, ಫೋನನ್ನು ಎಡಜೇಬಿನಲ್ಲಿ ಇಡಬೇಡಿ, ಅಯಸ್ಕಾಂತ ಎದೆಗೆ ತಾಗಿಸಬೇಡಿ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದರು. ಆಸ್ಪತ್ರೆ ಹೇಳಿದ್ದು ಇಷ್ಟು. ಅಕ್ಕ ಕೇಳಿಸಿಕೊಂಡದ್ದು ಇನ್ನಷ್ಟು. ಫ್ರಿಜ್ಜಿನ ಬಾಗಿಲ ಮೇಲಿದ್ದ ಅಯಸ್ಕಾಂತದ ಚಿಟ್ಟೆಗಳೆಲ್ಲ ರಾತ್ರೋರಾತ್ರಿ ಹಾರಿಹೋದವು. ಮಿಕ್ಸಿ ಓಡುವಾಗ ಭಾವನಿಗೆ ಬಾಲ್ಕನಿಗೆ ಗಡಿಪಾರು. ಅವರು ಕೈ ಎತ್ತಬಾರದೆಂದು ಮೇಲಿನ ಕಪಾಟಿನಲ್ಲಿದ್ದದ್ದೆಲ್ಲ ಕೆಳಗಿಳಿದು, ಮನೆಯಲ್ಲಿ ನಾವು ಡಬ್ಬಗಳ ನಡುವೆ ನದಿ ದಾಟುವವರ ಹಾಗೆ ನಡೆಯುತ್ತಿದ್ದೆವು. ಮೇಲಿನ ಮನೆಯಾಕೆ ನೋಡಲು ಬಂದವರು, "ಚಾರ್ಜರ್ ಜೊತೆಗೇ ಕೊಡ್ತಾರಾ, ಬೇರೆ ತಗೋಬೇಕಾ?" ಎಂದು ಕಳವಳದಿಂದ ಕೇಳಿದರು.

"ಬಿಸಿಲಿಗೆ ನಿಂತ್ರೆ ಸಾಕು," ಅಂದರು ಭಾವ. ಆಕೆ ನಂಬಿದರು. ಆಮೇಲೆ ದಿನಾ ಬೆಳಗ್ಗೆ ಬಾಲ್ಕನಿಯಿಂದ ಬಗ್ಗಿ, "ಆಯ್ತಾ ಸಾರ್, ಪೂರ್ತಿ ಆಯ್ತಾ?" ಎಂದು ವಿಚಾರಿಸುತ್ತಿದ್ದರು.

ತಂತಿ ಕೂತ ಮೇಲೆ ಎದೆ ಡಾಕ್ಟರ್ ಅಪ್ಪಣೆ ಕೊಟ್ಟರು. "ಗಾಲ್ಫ್ ತಾನೇ, ಆಡಿ. ಮೊದಲು ಸಣ್ಣ ಹೊಡೆತ, ಆಮೇಲೆ ಪೂರ್ತಿ."

"ಆಡಬಹುದು, ಸರಿ ಡಾಕ್ಟ್ರೇ," ಅಂದಳು ಅಕ್ಕ. "ಸೋಲಬಹುದಾ?"

ಅಷ್ಟರಲ್ಲಿ ಡಾಕ್ಟರ್ ಪಕ್ಕದ ಕೋಣೆಯ ಎದೆಗೆ ಹೋಗಿ ಆಗಿತ್ತು. ಉತ್ತರ ಬಾರದ ಪ್ರಶ್ನೆಗೆ ಅಕ್ಕ ತಾನೇ ಉತ್ತರ ಬರೆದುಕೊಂಡಳು. ಅವತ್ತೇ ಹಲ್ಲು ಡಾಕ್ಟರಿಗೂ ಲಾಯರಿಗೂ ಫೋನಾಯಿತು: "ಅವರ ಎದೆ ಹಾರೋ ಹಾಗೆ ಏನೂ ಮಾಡ್ಬೇಡಿ. ಪಾಪ, ಗೆದ್ಕೊಳ್ಳಲಿ ಬಿಡಿ." ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಹಾಕಿದಳು. "ನೋಡೋ, ಆ ದರಿದ್ರ ಮಾತು ನಿನ್ನ ದನೀಲಿ ಅಲ್ಲಿ ಕೇಳಿಸ್ತು ಅಂದ್ರೆ, ಈ ಮನೇಲಿ ನಿಂಗೆ ತಟ್ಟೆ ಇಡಲ್ಲ." ಭಾವನ 'ಹಾಕಿ ತೋರಿಸಿ' ಬಿಟ್ಟು ಬೇರೆ ಯಾವ ಮಾತು? ಸರಿ ಅಂದೆ.

ಮೊದಲ ಭಾನುವಾರ ಬಂತು. ಎಲ್ಲರ ಫೋನೂ ಕಾರಿನಲ್ಲೇ. ಹಲ್ಲು ಡಾಕ್ಟರ್ ಕೈಗಡಿಯಾರವನ್ನೂ ಬಿಚ್ಚಿಟ್ಟಿದ್ದರು. ಭಾವ ಚೆಂಡಿನ ಮುಂದೆ ನಿಂತು, ಎಡಗೈ ಒಂದಿಷ್ಟು ಎತ್ತಿ, ನಿಲ್ಲಿಸಿ, ತಾವೇ ಒಳಗೆ ಕಿವಿಗೊಟ್ಟರು. ಮತ್ತೆ ಪೂರ್ತಿ ಎತ್ತಿದರು. ಆ ಕ್ಷಣ ಪೇಸ್‌ಮೇಕರ್ ಬೇಕಾಗಿದ್ದದ್ದು ನಮ್ಮ ಮೂವರಿಗೆ. ಕೋಲು ಇಳಿಯಿತು, ಚೆಂಡು ಹಾರಿತು. ದೂರವೇನಲ್ಲ, ಆದರೆ ನೇರ. ಭಾವ ಎದೆ ಮುಟ್ಟಿ ನೋಡಿಕೊಂಡು, ಹೊಸ ಅಂಗಿಯ ಗುಂಡಿ ಕಿತ್ತುಬಂದಿಲ್ಲ ಎಂದು ಖಾತ್ರಿ ಮಾಡಿಕೊಂಡವರ ಹಾಗೆ ತಲೆಯಾಡಿಸಿದರು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅವರ ಮದುವೆಯಲ್ಲೂ ನೋಡಿರಲಿಲ್ಲ.

ಆ ಸಂತೋಷ ಗುಂಡಿಯ ಹತ್ತಿರ ಬರುವವರೆಗೆ ಇತ್ತು. ಚೆಂಡಿಗೂ ಗುಂಡಿಗೂ ನಡುವೆ ಒಂದು ಮಂಚ ಹಾಕುವಷ್ಟು ಜಾಗವಿತ್ತು. ಭಾವ ಬಗ್ಗಿ ನೆಲದ ಇಳಿಜಾರು ನೋಡುತ್ತಿದ್ದ ಹಾಗೆಯೇ:

"ಕೊಟ್ಟೆ, ಮೇಷ್ಟ್ರೇ. ಏನೂ ಆಗಲ್ಲ, ಮುಗೀತು," ಅಂದರು ಹಲ್ಲು ಡಾಕ್ಟರ್.

"ಆಕ್ಷೇಪಣೆ ಇಲ್ಲ. ಕೊಟ್ಟೆ," ಅಂದರು ಲಾಯರ್.

ತಟ್ಟೆ ನೆನಪಾಯಿತು. "ಕೊಟ್ಟೆ, ಭಾವ," ಅಂದೆ ನಾನು.

ಭಾವ ಒಮ್ಮೆ ನಮ್ಮನ್ನೂ ಒಮ್ಮೆ ಚೆಂಡನ್ನೂ ನೋಡಿ, ಎತ್ತಿ ಜೇಬಿಗೆ ಹಾಕಿಕೊಂಡರು. ಮುಂದಿನ ಗುಂಡಿಯಲ್ಲೂ ಅದೇ. ಅದರ ಮುಂದಿನದರಲ್ಲಿ ಮಂಚದ ಜಾಗ ಬಸ್ಸಿನಷ್ಟಾಯಿತು, ಅದನ್ನೂ ಕೊಟ್ಟೆವು. ಒಂದು ಕಡೆ ಚೆಂಡು ಮರಳುಹೊಂಡದಲ್ಲಿ ಕಣ್ಣಷ್ಟೇ ಕಾಣುವ ಹಾಗೆ ಹೂತು ಕೂತಿತ್ತು. ಲಾಯರ್ ಮರದ ಹಿಂದಿನಿಂದ, ಚೆಂಡು ಎಲ್ಲಿದೆ ಎಂದೂ ನೋಡದೆ, "ಕೊಟ್ಟೆ" ಎಂದು ಕೂಗಿದರು. ಅವತ್ತು ಭಾವ ಗೆದ್ದರು. ಟೋಪಿ ಲಾಯರ್ ತಲೆಗೆ. ಜಗಲಿಯಲ್ಲಿ ಕಾವಲಿಗೆ ಬಂದು ಕೂತಿದ್ದ ಅಕ್ಕ ಎಲ್ಲರಿಗೂ ಒಂದೊಂದು ಬಿಸ್ಕತ್ತು ಹೆಚ್ಚಿಗೆ ಕೊಟ್ಟಳು.

ಎರಡನೆಯ ಭಾನುವಾರವೂ ಗೆದ್ದರು. ಮೂರನೆಯ ಸಲ ನಮ್ಮನ್ನು ಪರೀಕ್ಷಿಸಿದರು. ಬೇಕೆಂದೇ ಚೆಂಡನ್ನು ಗುಂಡಿಗೆ ಬೆನ್ನು ಹಾಕಿ ಪೊದೆಯ ಕಡೆ ಹೊಡೆದು, ತಿರುಗಿ ನಮ್ಮ ಮುಖ ನೋಡಿದರು.

"ಒಳ್ಳೇ ಯೋಚನೆ, ಮೇಷ್ಟ್ರೇ. ಕೊಟ್ಟೆ," ಅಂದರು ಹಲ್ಲು ಡಾಕ್ಟರ್.

ವಾಪಸು ಬರುವಾಗ ಕಾರಿನಲ್ಲಿ ಅಕ್ಕ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ಭಾವ ಕಿಟಕಿಯ ಕಡೆ ನೋಡುತ್ತ, ಮೆಲ್ಲಗೆ ಕೇಳಿದರು: "ನಾನು ಯಾಕೆ ಯಾರಿಗೂ ಗ್ರೇಸ್ ಮಾರ್ಕ್ಸ್ ಹಾಕ್ತಿರಲಿಲ್ಲ, ಗೊತ್ತೇನೋ?"

"ಕಲ್ಲೆದೆ ಅಂತ ಕಾಲೇಜಲ್ಲೆಲ್ಲ ಹೇಳ್ತಿದ್ರು, ಭಾವ."

"ಅದೂ ಇರಬಹುದು. ಆದ್ರೆ ಗ್ರೇಸ್ ಹಾಕೋದು ಅಂದ್ರೆ, ಇವನ ಕೈಲಿ ಇನ್ನು ಆಗಲ್ಲ ಅಂತ ನಾವು ಸಹಿ ಹಾಕಿದ ಹಾಗೆ. ನಿನ್ನ ಕೈಲಿ ಆಗುತ್ತೆ ಅಂತ ಇತ್ತು, ಕೆಡವಿದೆ. ಮುಂದಿನ ಸಲ ಪಾಸಾದೆ." ಕಿಟಕಿಯಿಂದ ನನ್ನ ಕಡೆ ತಿರುಗಿದರು. "ಈಗ ನೀವು ಮೂವರೂ ವಾರಾವಾರಾ ನಂಗೆ ಸಹಿ ಹಾಕಿ ಕೊಡ್ತಿದ್ದೀರಿ."

"ಬೇಡ ಅನ್ನಿ ಮತ್ತೆ."

"ಹೇಗನ್ನಲಿ? ಕೊಟ್ಟದ್ದನ್ನ ಬೇಡ ಅನ್ನೋ ಹಾಗಿಲ್ಲ ಅಂತ ಕಾನೂನು ಮಾಡಿದವನು ನಾನು." ತಾವೇ ಕಟ್ಟಿದ ಬೇಲಿಯ ಒಳಗೆ ಸಿಕ್ಕಿಕೊಂಡ ಮನುಷ್ಯನ ನಿಟ್ಟುಸಿರು ಅದು. "ಬರೋ ವಾರ ಕೊನೇ ಆಟ. ಆಮೇಲೆ ಆ ಕೋಲುಗಳನ್ನ ಯಾರಿಗಾದ್ರೂ ಕೊಟ್ಟುಬಿಡು. ಹೂತಿಟ್ಟವನ ಸುತ್ತ ನಿಂತು ಒಳ್ಳೇ ಮಾತಾಡೋ ಹಾಗೆ ಮಾತಾಡ್ತೀರಿ. ಉಸಿರಾಡ್ತಾ ಅದನ್ನೆಲ್ಲ ಕೇಳೋದು ಕಷ್ಟ ಕಣೋ."

ಸಿಗ್ನಲ್ ಹಸಿರಾದರೂ ನಿಂತೇ ಇದ್ದೆ. ಹಿಂದಿನವರು ಹಾರ್ನ್ ಹೊಡೆದರು.

ಮಾರನೆಯ ದಿನ ಎದೆ ಡಾಕ್ಟರನ್ನು ಹುಡುಕಿಕೊಂಡು ಹೋದೆ. ಭಾವನ ಹೃದಯ ಜೋರಾಗಿ ಹೊಡೆದುಕೊಂಡರೆ, ಸಿಟ್ಟು ಬಂದರೆ, ಬೆಚ್ಚಿದರೆ, ಒಂದು ಪಕ್ಷ ಸೋತರೆ, ಏನಾಗುತ್ತದೆ ಎಂದು ಕೇಳಿದೆ.

"ಆ ಪೆಟ್ಟಿಗೆ ಇರೋದು ಹೃದಯ ನಿಧಾನ ಆದ್ರೆ ತಟ್ಟೋಕೆ," ಅಂದರು ಅವರು. "ಜೋರಾದ್ರೆ ಅದಕ್ಕೇನು ಕೆಲಸ? ಸುಮ್ನೆ ನೋಡ್ಕೊಂಡು ಕೂತಿರುತ್ತೆ. ನಿಮ್ಮ ಭಾವನ ಹೃದಯ ಗಟ್ಟಿಯಾಗೇ ಇದೆ. ನಗಲಿ, ಬೈಯಲಿ, ಸೋಲಲಿ. ಯಾಕೆ, ಮನೇಲಿ ಏನಾದ್ರೂ ನಡೀತಿದೆಯಾ?"

"ಗಾಲ್ಫ್," ಅಂದೆ.

ಇಷ್ಟು ತಿಳಿದ ಮೇಲೂ ತಟ್ಟೆಯ ಪ್ರಶ್ನೆ ಉಳಿದಿತ್ತು. ಡಾಕ್ಟರ್ ಹೇಳಿದ್ದನ್ನು ಅಕ್ಕನಿಗೆ ಹೇಳಿದರೆ, "ಅವರಿಗೇನು, ಹೇಳ್ತಾರೆ. ಅವರ ಗಂಡನಾ?" ಅನ್ನುತ್ತಾಳೆ. ನನ್ನ ಧ್ವನಿಯಲ್ಲಿ ಆ ಮಾತು ಹೊರಡುವಂತಿಲ್ಲ. ಹಲ್ಲು ಡಾಕ್ಟರ್ ಧ್ವನಿಯಲ್ಲೋ ಲಾಯರ್ ಧ್ವನಿಯಲ್ಲೋ ಅಂದರೆ ಅಕ್ಕನ ಸಿಟ್ಟು ಅವರ ಮನೆಗೆ ಹೋಗುತ್ತದೆ. ಅವರಿಬ್ಬರ ತಟ್ಟೆಯೂ ಮುಖ್ಯ. ಉಳಿದದ್ದು ಒಂದೇ ಧ್ವನಿ.

ನಾಲ್ಕನೆಯ ಭಾನುವಾರ ಭಾವ ಒಂದೊಂದು ಮರವನ್ನೂ ಬೀಳ್ಕೊಡುವವರ ಹಾಗೆ ನೋಡುತ್ತ ಆಡಿದರು. ಎಂದಿನಂತೆ ಕೊಟ್ಟೆ, ಕೊಟ್ಟೆ, ಕೊಟ್ಟೆ. ಆದರೂ ಹಲ್ಲು ಡಾಕ್ಟರ್ ಅವತ್ತು ಮರೆವಿನಿಂದ ಚೆನ್ನಾಗಿ ಆಡಿಬಿಟ್ಟರು, ನಾನು ಅದೃಷ್ಟದಿಂದ. ಕೊನೆಯ ಗುಂಡಿಯಲ್ಲಿ ನಾವು ಮೂವರೂ ಮುಗಿಸಿ ನಿಂತಾಗ ಭಾವನ ಚೆಂಡು ಗುಂಡಿಗೆ ಒಂದೇ ಗೇಣು ದೂರದಲ್ಲಿತ್ತು. ಬಿದ್ದರೆ ಭಾವ ಮತ್ತು ಲಾಯರ್ ಸಮ, ಟೋಪಿ ಚೀಲದಲ್ಲೇ ಉಳಿಯುತ್ತದೆ. ತಪ್ಪಿದರೆ ಭಾವ ಕೊನೆ. ಎದುರಿನ ಜಗಲಿಯಲ್ಲಿ ಅಕ್ಕ, ಕನ್ನಡಕ ಏರಿಸಿಕೊಂಡು, ನೇರ ನಮ್ಮ ಬಾಯಿಗಳನ್ನೇ ನೋಡುತ್ತಿದ್ದಳು.

"ಕೊಟ್ಟೆ, ಮೇಷ್ಟ್ರೇ. ಇಷ್ಟೇ, ಮುಗೀತು," ಅಂದರು ಹಲ್ಲು ಡಾಕ್ಟರ್.

"ಕೊಟ್ಟೆ," ಅಂದರು ಲಾಯರ್.

ಭಾವ ಮೂರನೆಯದಕ್ಕೆ ಕಾಯಲೂ ಇಲ್ಲ. ನಮಗೆ ಬೆನ್ನು ಮಾಡಿ, ಚೆಂಡು ಎತ್ತಿಕೊಳ್ಳಲು ಬಗ್ಗಿದರು. ನಾನು ತುಟಿ ಅಲ್ಲಾಡಿಸದೆ, ಮೂಗಿನ ತುದಿಗೆ ಧ್ವನಿ ಏರಿಸಿ, ಒಂದೊಂದು ಅಕ್ಷರವನ್ನೂ ಅದರದರ ಬೆಂಚಿನಲ್ಲಿ ಕೂರಿಸಿದೆ.

"ಹಾ-ಕಿ ತೋ-ರಿ-ಸಿ."

ಬಗ್ಗಿದ್ದ ಭಾವ ಬಗ್ಗಿದ ಹಾಗೇ ನಿಂತರು. ಬೆರಳು ಚೆಂಡಿನ ಮೇಲೆ ಗಾಳಿಯಲ್ಲಿತ್ತು. ಹಲ್ಲು ಡಾಕ್ಟರ್ ಬೆಚ್ಚಿ, "ಮೇಷ್ಟ್ರೇ, ನೀವೇ ನಿಮಗೇ..." ಎಂದು ಅಲ್ಲಿಗೇ ನಿಲ್ಲಿಸಿದರು. ಜಗಲಿಯಿಂದ ಅಕ್ಕ, "ರೀ, ಯಾರ ಮೇಲ್ರೀ ಅದು ರೇಗ್ತಿರೋದು?" ಎಂದು ಕೂಗಿದಳು.

ಭಾವ ನಿಧಾನವಾಗಿ ನೆಟ್ಟಗಾದರು. ಗಂಟಲು ಮುಟ್ಟಿಕೊಂಡರು. ಎದೆ ಮುಟ್ಟಿಕೊಂಡರು. ಎದೆಯೊಳಗೆ ಕೂರಿಸಿದ್ದು ಮಾತಾಡಲೂ ಕಲಿಯಿತೇ ಎಂದು ಅನುಮಾನ ಬಂದವರ ಹಾಗೆ ಅಂಗಿಯೊಳಗೆ ಒಮ್ಮೆ ಇಣುಕಿದರು ಕೂಡ. ಹಾಗೆ ಇಣುಕಿದವರನ್ನು ನೋಡಿ ನನ್ನ ಹೊಟ್ಟೆಯಲ್ಲಿ ನಗೆ ಒದೆಯುತ್ತಿತ್ತು, ಮುಖ ಮಾತ್ರ ಸಾವಿನ ಮನೆಯದು.

"ತಾಂತ್ರಿಕ ತೊಡಕು ಇದೆ," ಅಂದರು ಲಾಯರ್. "ಕೊಡೋದು ಬಿಡೋದು ಉಳಿದ ಮೂವರ ಹಕ್ಕು. ಸ್ವತಃ ಆಟಗಾರ ತನ್ನ ಮೇಲೇ ಆಕ್ಷೇಪಣೆ ಎತ್ತೋದಕ್ಕೆ ನಿಯಮದಲ್ಲಿ ಅವಕಾಶ..."

"ಮೂವರೂ ಕೊಟ್ರಾ?" ಭಾವ ಕೇಳಿದರು.

"ನಾವಿಬ್ಬರು ಕೊಟ್ವಿ."

ಭಾವನ ಕಣ್ಣು ನನ್ನ ಮೇಲೆ ಬಂತು. ಪರೀಕ್ಷೆಯ ಕೋಣೆಯಲ್ಲಿ ಚೀಟಿ ಇಟ್ಟುಕೊಂಡವನನ್ನು ಮೂರು ಸಾಲಿನಾಚೆಯಿಂದ ಹಿಡಿಯುತ್ತಿದ್ದ ಕಣ್ಣು ಅದು. "ಇವನು?"

ನಾನು ಬಾಯಿ ಬಿಡಲಿಲ್ಲ. ಬಿಟ್ಟರೆ ನಗು ಹೊರಬೀಳುತ್ತಿತ್ತು.

"ಒಬ್ಬ ಬಾಯಿ ಬಿಡದಿದ್ರೂ ಇಲ್ಲ. ಕಾನೂನು," ಅಂದರು ಭಾವ. ಆಹಾ, ಆ ಮುಖ ಅರಳಿದ್ದು. ಕೋಲು ತೆಗೆದುಕೊಂಡರು.

ಒಂದು ಗೇಣಿನ ಆ ಹೊಡೆತಕ್ಕೆ ಅವರು ಮಾಡಿದ ಸಿದ್ಧತೆಯಲ್ಲಿ ಸೇತುವೆ ಕಟ್ಟಬಹುದಿತ್ತು. ಗುಂಡಿಯ ಸುತ್ತ ನಡೆದರು. ಆ ಕಡೆಯಿಂದ ಕೂತು ನೋಡಿದರು, ಈ ಕಡೆಯಿಂದ ಕೂತು ನೋಡಿದರು. ಒಂದು ಒಣ ಹುಲ್ಲುಕಡ್ಡಿ ಹೆಕ್ಕಿ ಬಿಸಾಡಿದರು. ಅಕ್ಕ ಜಗಲಿಯ ಮೆಟ್ಟಿಲಿಳಿದು ಬಿರಬಿರನೆ ಬರುತ್ತಿದ್ದಳು: "ಬೇಡ್ರೀ, ಎತ್ಕೊಂಡ್ಬಿಡಿ. ಯಾರಿಗೆ ಬೇಕಾಗಿದೆ ಅದು?" ಭಾವ ಎಡಗೈ ಎತ್ತಿ, ಭುಜಕ್ಕಿಂತ ಒಂದು ಮೊಳ ಮೇಲಕ್ಕೇ ಎತ್ತಿ, ಅವಳನ್ನು ತಡೆದರು. ಆಟಗಾರ ಹೊಡೆಯುವಾಗ ಉಸಿರೆತ್ತಬಾರದು. ಹೆಂಡತಿಯಾದರೂ.

ಹೊಡೆದರು. ಇಷ್ಟು ವಾರ ಆ ಕೆಲಸವನ್ನೇ ಮಾಡದ ಕೈ. ಚೆಂಡು ಗುಂಡಿಯ ಅಂಚು ಹಿಡಿದು, ಮನೆಗೆ ಬಂದ ನೆಂಟರು ಬಾಗಿಲಲ್ಲೇ ಮಾತಾಡಿಸಿ ಹೋಗುವ ಹಾಗೆ ಅರ್ಧ ಸುತ್ತು ಬಂದು, ಆಚೆ ನಿಂತಿತು.

ಭಾವ ಕೋಲು ಬಿಟ್ಟು, ಎರಡು ಕೈಯನ್ನೂ ಮೊಣಕಾಲಿನ ಮೇಲೆ ಊರಿ ಬಗ್ಗಿದರು. ಬೆನ್ನು ನಡುಗತೊಡಗಿತು. ಹಲ್ಲು ಡಾಕ್ಟರ್ ಫೋನಿಗಾಗಿ ಜೇಬೆಲ್ಲ ತಡಕಿ, ಅದು ಕಾರಿನಲ್ಲಿದೆ ಎಂದು ನೆನಪಾಗಿ, ಕಾರಿನ ದಿಕ್ಕು ಮರೆತು ಪೊದೆಯ ಕಡೆ ಓಡಿದರು. ಲಾಯರ್ ಮೊದಲ ಬಾರಿಗೆ ಯಾವ ತಕರಾರೂ ಇಲ್ಲದೆ ಬೆಳ್ಳಗಾದರು. ಅಕ್ಕ ಬಂದವಳೇ, "ಏನೋ ಮಾಡಿದೆ ಪಾಪಿ, ಏನೋ ಮಾಡಿದೆ," ಎಂದು ನನ್ನ ತೋಳಿಗೆ ಗುದ್ದಿದಳು. ಡಾಕ್ಟರ್ ಹೇಳಿದ್ದೆಲ್ಲ ನನ್ನ ತಲೆಯಿಂದ ಹಾರಿಹೋಗಿತ್ತು. ನಾನೇ ಹೋಗಿ ಭಾವನ ಭುಜ ಹಿಡಿದು ಮುಖ ಎತ್ತಿ ನೋಡಿದೆ.

ಮುಖವೆಲ್ಲ ನೀರು. ಬಾಯಿ ತೆರೆದಿತ್ತು, ಸದ್ದಿರಲಿಲ್ಲ. ನಗು ಅಷ್ಟು ಆಳದಿಂದ ಹೊರಟಿದ್ದರಿಂದ ಮೇಲೆ ಬರಲು ಹೊತ್ತು ಹಿಡಿದಿತ್ತು.

"ಒಂದು," ಅಂದರು, ಉಸಿರು ಎಳೆದುಕೊಂಡು. "ಒಂದೇ ಒಂದು... ಅಂಕ... ಕಡಿಮೆ."

ನಾನು ಜೇಬಿನಿಂದ ಕರ್ಚೀಫು ತೆಗೆದು ಅವರ ಕೈಗಿಟ್ಟೆ.

ಆಗ ಹೊರಬಂತು ನೋಡಿ ಸದ್ದು. ಹುಲ್ಲು ಕತ್ತರಿಸುತ್ತಿದ್ದವನು ಮೆಷಿನ್ ನಿಲ್ಲಿಸಿ ನೋಡಿದ. ಪೊದೆಯಲ್ಲಿ ಸಿಕ್ಕಿಕೊಂಡಿದ್ದ ಹಲ್ಲು ಡಾಕ್ಟರಿಗೂ ನಗು ಅಂಟಿತು. ಅಕ್ಕ ಗಂಡನ ಎದೆಯ ಮೇಲೆ ಅಂಗೈ ಇಟ್ಟು, ಒಂದು ಕ್ಷಣ ಲೆಕ್ಕ ಹಾಕಿದವಳ ಹಾಗೆ ನಿಂತು, ಬಡಿತ ಸರಿಯಾಗಿದೆ ಎಂದು ಖಾತ್ರಿಯಾದ ಮೇಲೆ ನನ್ನ ಕಡೆ ತಿರುಗಿದಳು. "ಆ ದನಿ ನಂಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ಅಡುಗೆಮನೇಲಿ ಎಷ್ಟು ಸಲ ಕೇಳಿದೀನಿ." ತಟ್ಟೆಯ ಮಾತು ಮಾತ್ರ ಎತ್ತಲಿಲ್ಲ.

ಲಾಯರ್ ಚೀಲದಿಂದ ಟೋಪಿ ತೆಗೆದು ಎರಡು ಕೈಯಲ್ಲೂ ಹಿಡಿದು ತಂದರು. ಭಾವ ತಲೆ ಬಗ್ಗಿಸಿ ಹಾಕಿಸಿಕೊಂಡು, ಕುಚ್ಚು ನೇರ ಮಾಡಿಕೊಳ್ಳಲು ಹೋದರು. ನಗುವಿಗೆ ತಲೆ ಅಲ್ಲಾಡಿ ಕುಚ್ಚು ನಿಲ್ಲಲಿಲ್ಲ. ಗುಂಡಿಯ ಆಚೆ ಅವರ ಚೆಂಡು ಇನ್ನೂ ಹಾಗೇ ಕೂತಿತ್ತು, ನಾಲ್ಕು ಬೆರಳಿನ ದೂರದಲ್ಲಿ. ಅದನ್ನು ನೋಡಿ ಹಲ್ಲು ಡಾಕ್ಟರ್, ಅಭ್ಯಾಸಬಲದಿಂದ, "ಅದು ಕೊಟ್ಟೆ ಬಿಡಿ, ಮೇಷ್ಟ್ರೇ," ಅಂದರು.

ಭಾವ ನನ್ನ ಕಡೆ ಬೆರಳು ಮಾಡಿದರು. ಮಾತು ಹೊರಡಲಿಲ್ಲ, ಕರ್ಚೀಫು ಬಾಯಿಗೆ ಒತ್ತಿಕೊಂಡಿದ್ದರು. ಅವರ ಪರವಾಗಿ ನಾನೇ ಹೇಳಿದೆ, ಅವರ ಧ್ವನಿಯಲ್ಲೇ, ಈ ಸಲ ಎಲ್ಲರ ಎದುರಿಗೇ. ನಾವು ಐದೂ ಜನ ಹೊಟ್ಟೆ ಹಿಡಿದುಕೊಂಡೆವು. ಆದರೂ ಆ ಬಯಲಿನ ಕೊನೆಯ ಮರದವರೆಗೆ ಕೇಳಿಸಿದ್ದು ಒಬ್ಬರ ನಗು ಮಾತ್ರ, ಕೆಮ್ಮಿನ ಔಷಧಿಯ ಬಣ್ಣದ ಟೋಪಿಯ ಕೆಳಗಿನದು.